ಹಿತ್ತಲ ಕೋಳಿಯೂ ಹಳದಿ ಬಣ್ಣವೂ

(ಹೋಬಳಿ ರೈತ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತಿನ ಸಭೆ ಕರೆದದ್ದು ರಾಗಿ ಖರೀದಿ ಮತ್ತು ಸಾಲದ ನೋಟೀಸುಗಳ ಬಗ್ಗೆ ಮಾತಾಡಲಿಕ್ಕೆ. ಅದನ್ನು ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿಯೇ ಹೇಳಿದ್ದಾರೆ. ನಾನು ಕೋಳಿ ವಿಷಯ ಎತ್ತುತ್ತೇನೆ ಅಂದಾಗ ಹಿಂದೆ ಕೂತ ಹುಡುಗರು ನಕ್ಕರು. ನಗಲಿ, ಬೇಡ ಅನ್ನೋದಿಲ್ಲ. ಆದರೆ ಹೆಣ್ಣುಮಕ್ಕಳು ಯಾರೂ ನಗಲಿಲ್ಲ, ಅದನ್ನು ಗಮನಿಸಿ. ಮಗುವಿನ ಪುಸ್ತಕಕ್ಕೆ, ಆಸ್ಪತ್ರೆ ಬಸ್ಸಿನ ಚಾರ್ಜಿಗೆ, ನೆಂಟರು ಬಂದಾಗ ಸಾರಿಗೆ ಯಾರ ಕೈ ಯಾವ ಮಂಕರಿ ಅಡಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತು.

ಒಂದು ಲೆಕ್ಕ ಮಾಡೋಣ. ಮನೆ ಹಿಂದೆ 10 ಹೇಂಟೆ ಇವೆ ಅಂತ ಹಿಡಿಯಿರಿ. ನಾಟಿ ಕೋಳಿ ವರ್ಷಕ್ಕೆ 60 ಮೊಟ್ಟೆ ಇಟ್ಟರೆ ಹತ್ತರಿಂದ 600. ಅರ್ಧ ಮಾರಿದಿರಿ, ಮೊಟ್ಟೆಗೆ 10 ರೂಪಾಯಿ ಅಂದರೂ 3,000. ಉಳಿದ 300 ಕಾವಿಗೆ ಕೂರಿಸಿದಿರಿ. ಅದರಲ್ಲಿ ಒಡೆಯದೆ ಹೋದದ್ದು ಎಷ್ಟೋ, ಹದ್ದು ಒಯ್ದದ್ದು ಎಷ್ಟೋ, ಮುಂಗುಸಿ ಹಿಡಿದದ್ದು, ಕೊಕ್ಕರೆ ರೋಗಕ್ಕೆ ಸತ್ತದ್ದು ಎಷ್ಟೋ. ಎಲ್ಲಾ ಕಳೆದು 60 ಕೋಳಿ ದೊಡ್ಡವಾದವು ಅನ್ನಿ. ಒಂದಕ್ಕೆ 400ರಂತೆ 24,000 ರೂಪಾಯಿ. ನಿಮ್ಮ ಮನೆಯ ಲೆಕ್ಕ ಇದಕ್ಕಿಂತ ಹೆಚ್ಚೂ ಇರಬಹುದು, ಕಮ್ಮಿಯೂ ಇರಬಹುದು. ಈಗ ಇನ್ನೊಂದು ಲೆಕ್ಕ. ಊರಲ್ಲಿ 1 ಲಕ್ಷ ಕೈಸಾಲ ತಂದಿದ್ದೀರಿ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ವರ್ಷಕ್ಕೆ ಎಷ್ಟಾಯಿತು? ಅದೇ 24,000. ಅಂದರೆ ನಿಮ್ಮ ಮನೆಯ ಹೆಂಗಸು ಯಾರಿಗೂ ಹೇಳದೆ, ಯಾವ ಬ್ಯಾಂಕಿನ ಮುಂದೂ ನಿಲ್ಲದೆ, ತಿಪ್ಪೆ ಕೆದಕುವ ಹಕ್ಕಿಯಿಂದ 1 ಲಕ್ಷದ ಬಡ್ಡಿ ಕಟ್ಟಬಲ್ಲಳು. ಇದಕ್ಕೆ ಹಾಕಿದ ಬಂಡವಾಳ ಏನು? ಅಂಗಳದಲ್ಲಿ ಚೆಲ್ಲಿದ ಕಾಳು, ಮಿಕ್ಕಿದ ಅನ್ನ, ಹುಳ ಹುಪ್ಪಟೆ.

ಇದು ಚಿಲ್ಲರೆ ವಿಷಯ ಅನ್ನುವವರಿಗೆ ಸರ್ಕಾರದ ಲೆಕ್ಕವನ್ನೇ ಕೊಡ್ತೀನಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕು ಹಕ್ಕಿಗಳು, ಅದರಲ್ಲಿ ಹಿತ್ತಲಲ್ಲಿ ಸಾಕಿದವು ಸುಮಾರು 31 ಕೋಟಿ 70 ಲಕ್ಷ. ಹಿಂದಿನ ಗಣತಿಗಿಂತ ಹಿತ್ತಲ ಕೋಳಿ ಸುಮಾರು ನೂರಕ್ಕೆ 46ರಷ್ಟು ಹೆಚ್ಚಿವೆ. ಕಂಪನಿ ಫಾರಂಗಳು ಇಷ್ಟು ಬೆಳೆದ ಕಾಲದಲ್ಲೂ ಹೆಚ್ಚಿವೆ.

ಹಾಗಾದರೆ ಅಪಾಯ ಎಲ್ಲಿಂದ? ಹದ್ದಿನಿಂದಲ್ಲ, ನಕ್ಷೆಯಿಂದ.

ಪಟ್ಟಣ ಬೆಳೆಯುತ್ತಾ ಬಂದು ನಮ್ಮ ಊರಿನ ಗಡಿ ಮುಟ್ಟಿದೆ. ಒಂದು ದಿನ ಅಧಿಸೂಚನೆ ಬರುತ್ತದೆ, ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಆಗುತ್ತದೆ. ಜೊತೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಮಾಸ್ಟರ್ ಪ್ಲಾನು ಬರೆಯುತ್ತಾರೆ. ವಾಸದ ವಲಯಕ್ಕೆ ಹಳದಿ ಬಣ್ಣ, ಬೇಸಾಯದ ವಲಯಕ್ಕೆ ಹಸಿರು. ಬೆಂಗಳೂರಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಮೇಜಿನ ಮುಂದೆ ಕೂತು ಬಳಿದ ಬಣ್ಣ ಅದು. ಕೋಳಿ ಫಾರಂ, ಹೈನುಗಾರಿಕೆ ಇವನ್ನೆಲ್ಲ ಸಾಮಾನ್ಯವಾಗಿ ಹಸಿರಿನ ಪಟ್ಟಿಗೆ ಸೇರಿಸುತ್ತಾರೆ. ಹಳದಿಯಲ್ಲಿ ಮನೆ ಇರಬೇಕು, ಮನೆಯೊಳಗೆ ಜನ ಇರಬೇಕು. ನಿಮ್ಮ ಹಿತ್ತಲಲ್ಲಿ ಮೂರು ತಲೆಮಾರಿನಿಂದ ಕೋಳಿ ಕೂಗುತ್ತಿದ್ದರೂ ಬಣ್ಣ ಬಳಿದವನ ಕಿವಿಗೆ ಅದು ಬಿದ್ದಿಲ್ಲ.

ಹೊಸ ಬಡಾವಣೆಯಲ್ಲಿ ಸೈಟು ಕೊಂಡು ಮನೆ ಕಟ್ಟಿದವರು ಬರುತ್ತಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ, ನಿಮ್ಮಲ್ಲೇ ಮೊಟ್ಟೆ ಕೊಳ್ಳುವವರೂ ಇದ್ದಾರೆ. ಆದರೆ ನೂರರಲ್ಲಿ ಒಬ್ಬ ಅರ್ಜಿ ಬರೆದರೆ ಸಾಕು. ಪಟ್ಟಣದ ಕಾನೂನಿನಲ್ಲಿ ಉಪದ್ರವ ಅನ್ನುವ ಮಾತು ಬಹಳ ಅಗಲವಾದದ್ದು. ಅದರೊಳಗೆ ಹುಂಜದ ಕೂಗೂ ಹಿಡಿಸುತ್ತದೆ.

ಬೆಂಗಳೂರನ್ನೇ ನೋಡಿ. 2007ರಲ್ಲಿ 7 ನಗರಸಭೆ, 1 ಪುರಸಭೆ, ಸುತ್ತಲಿನ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ನಗರದ ಕಾನೂನು, ನಗರದ ತೆರಿಗೆಯ ಹಕ್ಕು ಆ ಹಳ್ಳಿಗಳ ಮೇಲೆ ಅವತ್ತೇ ಬಂತು. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ 5ನೇ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ನಿಯಮ ನಡೆದು ಬರೋದಿಲ್ಲ, ಹಾರಿ ಬರುತ್ತದೆ. ನೀರು ಮಾತ್ರ ಕುಂಟುತ್ತಾ ಬರುತ್ತದೆ.

ನಮ್ಮ ಕಡೆ ಕಾನೂನು ಏನೂ ಇಲ್ಲವೇ? ಇದೆ. ನಮ್ಮ ರಾಜ್ಯದ 1961ರ ಭೂಸುಧಾರಣಾ ಕಾಯ್ದೆಯಲ್ಲಿ ಬೇಸಾಯ ಅಂದರೇನು ಅಂತ ಬರೆದಿರುವ ಜಾಗ ತೆಗೆದು ಓದಿ. ತೋಟಗಾರಿಕೆ, ಹೈನು, ಜಾನುವಾರು ತಳಿ ಬೆಳೆಸುವುದು, ಇವುಗಳ ಜೊತೆ ಕೋಳಿ ಸಾಕಣೆಯೂ ಬೇಸಾಯವೇ ಎಂದಿದೆ. 2023ರಲ್ಲಿ ಕರ್ನಾಟಕ ಹೈಕೋರ್ಟಿನ ತೀರ್ಪೊಂದು ಬಂತು. ಒಂದು ಗ್ರಾಮ ಪಂಚಾಯಿತಿ ಕೋಳಿ ಶೆಡ್ಡಿಗೆ ವಾಣಿಜ್ಯ ಕಟ್ಟಡದ ಹಾಗೆ ತೆರಿಗೆ ಹಾಕಿತ್ತು. ಕೋಳಿ ಸಾಕಣೆ ವಾಣಿಜ್ಯ ಚಟುವಟಿಕೆಯಲ್ಲ, ಹಾಗೆ ತೆರಿಗೆ ಹಾಕಲಾಗದು ಅಂತ ಕೋರ್ಟು ಹೇಳಿತು. ಶೆಡ್ಡು ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ಆದರೆ ಇಷ್ಟಕ್ಕೇ ಗೆದ್ದೆವು ಅಂತ ಮನೆಗೆ ಹೋಗಬೇಡಿ. ಒಂದು ಕಾಯ್ದೆಯಲ್ಲಿ ಬರೆದ ಅರ್ಥ ಆ ಕಾಯ್ದೆಗೆ. ಪುರಸಭೆಯವರು ಇನ್ನೊಂದು ಕಾಯ್ದೆ ಹಿಡಿದು ಬರುತ್ತಾರೆ. ಬೇಸಾಯ ಹೌದು ಸ್ವಾಮಿ, ಆದರೆ ಇಲ್ಲಿ ಬೇಸಾಯ ಮಾಡಬೇಡಿ ಅನ್ನುತ್ತಾರೆ.

ಈ ಆಟದಲ್ಲಿ ನಮಗಿಂತ ನೂರು ವರ್ಷ ಮುಂದೆ ಹೋದ ದೇಶ ಅಮೆರಿಕ. ಅಲ್ಲಿ ಏನಾಯಿತು ಅಂತ ತಿಳಿದರೆ ನಮಗೆ ಏನಾಗುತ್ತದೆ ಅಂತ ಗೊತ್ತಾಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಸರ್ಕಾರವೇ ಭಿತ್ತಿಪತ್ರ ಅಚ್ಚು ಹಾಕಿಸಿ, ಪ್ರತಿಯೊಬ್ಬರೂ ಹಿತ್ತಲಲ್ಲಿ ಕೋಳಿ ಸಾಕಿ, ಅದು ದೇಶಸೇವೆ ಎಂದು ಜನರನ್ನು ಕೇಳಿಕೊಂಡಿತ್ತು. ಅದೇ ಕಾಲದಲ್ಲಿ ಊರನ್ನು ವಲಯಗಳಾಗಿ ಸೀಳುವ ಕಾನೂನೂ ಬಂತು. 1916ರಲ್ಲಿ ನ್ಯೂಯಾರ್ಕ್ ನಗರ ಶುರು ಮಾಡಿತು, 1926ರಲ್ಲಿ ಅವರ ಸುಪ್ರೀಂ ಕೋರ್ಟು ಇದು ಸರಿ ಎಂದಿತು. ಎರಡನೇ ಯುದ್ಧ ಮುಗಿದ ಮೇಲೆ ಊರ ಹೊರಗೆ ಬಡಾವಣೆಗಳು ಎದ್ದವು, ಎಷ್ಟೋ ಕಡೆ ಕೋಳಿ ಕಾನೂನುಬಾಹಿರವಾಯಿತು. ದೇಶಸೇವೆ ಮಾಡಿದ ಹಕ್ಕಿ ಅಪರಾಧಿಯಾಯಿತು.

ಇನ್ನು ಮಿಷಿಗನ್ ರಾಜ್ಯದ ಕಥೆ ಕೇಳಿ. ಬೇಕಾದದ್ದು ಇದು. ಪಟ್ಟಣದವರು ಹಳ್ಳಿಗೆ ಬಂದು ಮನೆ ಕಟ್ಟಿ, ಆಮೇಲೆ ಗೊಬ್ಬರದ ವಾಸನೆ ಅಂತ ರೈತನ ಮೇಲೆ ದಾವೆ ಹಾಕುವುದನ್ನು ತಡೆಯಲು ಅವರು 1981ರಲ್ಲಿ ಬೇಸಾಯದ ಹಕ್ಕಿನ ಕಾಯ್ದೆ ಮಾಡಿದರು. 1999ರ ತಿದ್ದುಪಡಿ ಅದನ್ನು ಇನ್ನೂ ಬಲಪಡಿಸಿತು: ರಾಜ್ಯ ಒಪ್ಪಿದ ಒಳ್ಳೆಯ ಬೇಸಾಯದ ಕ್ರಮಗಳನ್ನು ರೈತ ಪಾಲಿಸಿದರೆ ಸ್ಥಳೀಯ ಸಂಸ್ಥೆಯ ಉಪನಿಯಮ ಅವನ ಮೇಲೆ ನಡೆಯದು. ಶೆಲ್ಬಿ ಎಂಬಲ್ಲಿ ಎಕರೆಯಷ್ಟು ಜಾಗದಲ್ಲಿ ಕೋಳಿ ಸಾಕಿದವರ ಮೇಲೆ ಸ್ಥಳೀಯ ಆಡಳಿತ ದಾವೆ ಹಾಕಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು, ಈ ಕಾಯ್ದೆಯ ರಕ್ಷಣೆ ಸಿಗಲು ಇಷ್ಟೇ ಮಾರಾಟ ಆಗಿರಬೇಕೆಂಬ ಕನಿಷ್ಠ ಮಿತಿ ಇಲ್ಲ ಅಂತ. ಮಾರುವುದಕ್ಕೆ ಬೆಳೆದರೆ ಸಾಕು, ಅವನೂ ರೈತ. ಎಂಥಾ ಮಾತು ನೋಡಿ! ಹಿತ್ತಲಲ್ಲಿ ಕೋಳಿ ಇಟ್ಟವರಿಗೆಲ್ಲ ಜೀವ ಬಂತು.

2014ರ ಏಪ್ರಿಲಿನಲ್ಲಿ ಆ ರಾಜ್ಯದ ಕೃಷಿ ಆಯೋಗ ಏನು ಮಾಡಿತು? ಕಾಯ್ದೆಯ ಒಂದಕ್ಷರ ಮುಟ್ಟಲಿಲ್ಲ. ಒಳ್ಳೆಯ ಬೇಸಾಯದ ಕ್ರಮಗಳ ಪುಸ್ತಕವನ್ನು ತಿದ್ದಿತು. ಮುಖ್ಯವಾಗಿ ವಾಸದ ಪ್ರದೇಶ ಎಂಬ ಒಂದು ವರ್ಗ ಸೇರಿಸಿತು. ಬೇಸಾಯಕ್ಕೆ ಹಕ್ಕಿನಿಂದ ಅವಕಾಶವಿಲ್ಲದ ಕಡೆ, ಸುತ್ತ 660 ಅಡಿಯೊಳಗೆ ರೈತರಲ್ಲದವರ ಮನೆ 13ಕ್ಕಿಂತ ಹೆಚ್ಚಿದ್ದರೆ, ಅಥವಾ 250 ಅಡಿಯೊಳಗೆ ಅಂಥ ಒಂದೇ ಒಂದು ಮನೆ ಇದ್ದರೂ, ಅಲ್ಲಿ ಪಶುಪಕ್ಷಿ ಸಾಕುವವನಿಗೆ ರಾಜ್ಯದ ರಕ್ಷಣೆ ಇಲ್ಲ. ಸ್ಥಳೀಯ ಸಂಸ್ಥೆ ಬೇಕಾದರೆ ಬಿಡಬಹುದು, ಬೇಡವಾದರೆ ಇಲ್ಲ. ಹೊಲದ ನಡುವೆ ದೊಡ್ಡ ಫಾರಂ ಇಟ್ಟವನ ರಕ್ಷಣೆ ಉಳಿಯಿತು. ನಾಲ್ಕು ಕೋಳಿಯವನದ್ದು ಹೋಯಿತು.

ಈ ಅಳತೆಯನ್ನು ನಮ್ಮ ಊರಿಗೆ ಹಿಡಿದು ನೋಡಿ. ಗೋಡೆಗೆ ಗೋಡೆ ತಾಗಿ ಮನೆ ಕಟ್ಟಿದ ಗ್ರಾಮಠಾಣಾ ನಮ್ಮದು. 250 ಅಡಿ ಅಂದರೆ ಮಾರಿಗುಡಿಯಿಂದ ಹೊರಟು ಹತ್ತು ಮನೆ ದಾಟಬೇಕು. ಪಕ್ಕದ ಮನೆಯ ಮಗ ಜಮೀನು ಮಾರಿ ಪಟ್ಟಣದಲ್ಲಿ ಕೆಲಸಕ್ಕೆ ಹೋದ ಅಂದರೆ, ಅವನ ಮನೆ ರೈತರಲ್ಲದವರ ಮನೆ. ಅಲ್ಲಿಗೆ ನಿಮ್ಮ ಮಂಕರಿ ಎತ್ತಿಡಬೇಕು!

ಅಲ್ಲಿನ ಜನ ಸುಮ್ಮನೆ ಕೂರಲಿಲ್ಲ ಅನ್ನೋದನ್ನೂ ಹೇಳಬೇಕು. ಮ್ಯಾಡಿಸನ್ ನಗರದಲ್ಲಿ ಕದ್ದುಮುಚ್ಚಿ ಕೋಳಿ ಸಾಕುತ್ತಿದ್ದವರು ಒಟ್ಟು ಸೇರಿ 2004ರಲ್ಲಿ ಮನೆಗೆ 4 ಹೇಂಟೆ ಸಾಕುವ ಹಕ್ಕು ಪಡೆದರು. ಸಿಯಾಟಲ್ ನಗರ 2010ರಲ್ಲಿ 3 ಇದ್ದ ಮಿತಿಯನ್ನು 8ಕ್ಕೆ ಏರಿಸಿತು. ಹುಂಜ ಮಾತ್ರ ಕೂಡದು ಎಂದರು. ಹುಂಜವಿಲ್ಲದೆ ಮರಿ ಎಲ್ಲಿಂದ? ಪ್ರತಿ ಸಲ ಅಂಗಡಿಯಿಂದ ಮರಿ ತರಬೇಕು. ಬೀಜದ ವಿಷಯದಲ್ಲಿ ನಮಗೆ ಆದದ್ದೂ ಇದೇ ಅಲ್ವೇ? ನಮಗೆ ಮೊಟ್ಟೆಯ ದುಡ್ಡಿಗಿಂತ ಮರಿಯ ದುಡ್ಡು ದೊಡ್ಡದು ಅಂತ ಆಗಲೇ ಲೆಕ್ಕದಲ್ಲಿ ನೋಡಿದ್ದೀರಿ. ಹಾಗಾಗಿ ಹುಂಜ ಬಿಟ್ಟುಕೊಡುವ ರಾಜಿಗೆ ನಾವು ಒಪ್ಪಬಾರದು.

ಹುಂಜದ ಮಾತು ಬಂದದ್ದಕ್ಕೆ ಫ್ರಾನ್ಸಿನದೊಂದು. ಒಲೆರಾನ್ ದ್ವೀಪದಲ್ಲಿ ಮೋರಿಸ್ ಅನ್ನುವ ಹುಂಜ. ರಜೆ ಕಳೆಯಲು ಅಲ್ಲಿ ಮನೆ ಇಟ್ಟುಕೊಂಡಿದ್ದ ದಂಪತಿ ಬೆಳಗಿನ ಕೂಗಿಗೆ ದಾವೆ ಹಾಕಿದರು. 2019ರ ಸೆಪ್ಟೆಂಬರಿನಲ್ಲಿ ಕೋರ್ಟು ಹುಂಜದ ಪರ ತೀರ್ಪು ಕೊಟ್ಟು, ದಾವೆ ಹಾಕಿದವರೇ 1,000 ಯೂರೋ ಪರಿಹಾರ ಕೊಡಲಿ ಎಂದಿತು. 2021ರ ಜನವರಿಯಲ್ಲಿ ಆ ದೇಶ ಹಳ್ಳಿಯ ಸದ್ದು, ಹಳ್ಳಿಯ ವಾಸನೆ ಕೂಡಾ ನಾಡಿನ ಆಸ್ತಿ ಎಂದು ಕಾಯ್ದೆ ಮಾಡಿತು. ಹಳ್ಳಿಗೆ ಬರುವವನು ಹಳ್ಳಿಯನ್ನು ಒಪ್ಪಿ ಬರಲಿ ಅಂತ.

ಹಾಗಂತ ಯಾವ ನಿಯಮವೂ ಬೇಡ ಅನ್ನುವವನು ನಾನಲ್ಲ. ಹತ್ತು ಸಾವಿರ ಕೋಳಿಯ ಶೆಡ್ಡಿನ ಪಕ್ಕ ಬದುಕುವವರ ಕಷ್ಟ ನೊಣಕ್ಕೆ ಗೊತ್ತು, ಊಟದ ತಟ್ಟೆಗೆ ಗೊತ್ತು. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಮಾಡಿದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಹೊಸ ಮಾರ್ಗಸೂಚಿ ತಂದು, 5,000ಕ್ಕಿಂತ ಹೆಚ್ಚು ಹಕ್ಕಿ ಇರುವ ಫಾರಂಗಳನ್ನು ಅನುಮತಿಯ ಕೆಳಗೆ ತಂದಿತು. ಅದು ಬೇಕಾದದ್ದೇ. ಆದರೆ ಐದು ಸಾವಿರಕ್ಕೂ ಹತ್ತಕ್ಕೂ ವ್ಯತ್ಯಾಸ ತಿಳಿದವರು ಕೇಂದ್ರದಲ್ಲಿದ್ದಾರೆ, ಪುರಸಭೆಯಲ್ಲೂ ಇರಲಿ ಅಂತ ಕೇಳುತ್ತೇನೆ.

ಹಕ್ಕಿಜ್ವರವೂ ಸುಳ್ಳಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶಕ್ಕೆ ಮೊದಲು ಕಾಣಿಸಿತು, 2012ರಲ್ಲಿ ನಮ್ಮ ಹೆಸರಘಟ್ಟದಲ್ಲಿ, 2020ರ ಮಾರ್ಚಿನಲ್ಲಿ ಮೈಸೂರಿನಲ್ಲಿ. ರೋಗ ಸಿಕ್ಕ ಜಾಗದಿಂದ ಸುತ್ತ 1 ಕಿಲೋಮೀಟರಿನೊಳಗೆ ಸಾಕಿದ ಹಕ್ಕಿಗಳನ್ನೆಲ್ಲ ಕೊಲ್ಲಬೇಕೆಂಬುದು ಕ್ರಮ. ಕೊಂದದ್ದಕ್ಕೆ ಪರಿಹಾರ ಉಂಟು. ಆದರೆ ಕಾನೂನುಬಾಹಿರ ಅಂತ ಕದ್ದು ಸಾಕಿದ ಕೋಳಿಗೆ ಪರಿಹಾರ ಕೇಳಲು ಯಾರು ಮುಂದೆ ಬರುತ್ತಾರೆ? ರೋಗ ಬಂದರೂ ಮುಚ್ಚಿಡುತ್ತಾರೆ. ನಿಷೇಧದಿಂದ ರೋಗ ಹೋಗೋದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ಅದಕ್ಕೇ ನಾನು ಹೇಳೋದು, ಮನೆಮನೆಯ ಕೋಳಿ ಲೆಕ್ಕ ಒಂದು ಪುಸ್ತಕದಲ್ಲಿ ಇರಲಿ. ಫೀಸು ಇಲ್ಲದೆ, ಲೈಸೆನ್ಸು ಇಲ್ಲದೆ. ಪಶು ಆಸ್ಪತ್ರೆಯವರು ಅದನ್ನು ನೋಡಿ ಕೊಕ್ಕರೆ ರೋಗದ ಲಸಿಕೆ ಹಾಕಲು ಬರಲಿ.

ಈಗ ಮಾಡಬೇಕಾದ ಕೆಲಸ. ಊರನ್ನು ಪಟ್ಟಣಕ್ಕೆ ಸೇರಿಸುವಾಗ ಮೊದಲು ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯುತ್ತಾರೆ. ಮಾಸ್ಟರ್ ಪ್ಲಾನಿಗೂ ಹಾಗೆಯೇ. ನಾವು ಆಗ ಮಲಗಿರುತ್ತೇವೆ, ನೋಟೀಸು ಬಂದಾಗ ಎದ್ದು ಕೂಗುತ್ತೇವೆ. 1980ರ ದಶಕದಲ್ಲಿ ನಮ್ಮ ಹಿರಿಯರು ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಅಂತ ಊರಬಾಗಿಲಿಗೆ ಬೋರ್ಡು ಹಾಕಿದರು. ಈ ನಕ್ಷೆ ಊರಬಾಗಿಲಲ್ಲಿ ಬರೋದಿಲ್ಲ, ಬೋರ್ಡು ಅದಕ್ಕೆ ಕಾಣೋದಿಲ್ಲ. ಅದಕ್ಕೆ ಕಾಗದವೇ ಉತ್ತರ. ಗ್ರಾಮಸಭೆ ಇರುವಾಗಲೇ ಠರಾವು ಮಾಡಿಸಿ. ಹಳೆಯ ಗ್ರಾಮಠಾಣಾ ಮತ್ತು ಅದಕ್ಕೆ ತಾಗಿದ ಹಿತ್ತಲುಗಳಲ್ಲಿ ಕೋಳಿ, ಕುರಿ, ದನ ಸಾಕುವುದು ಮೊದಲಿನಿಂದ ನಡೆದು ಬಂದ ಉಪಯೋಗ, ಅದು ಮುಂದುವರಿಯಬೇಕು ಅಂತ ಬರೆಸಿ. ಮಿತಿ ಹಾಕುವುದಾದರೆ ಸಂಖ್ಯೆಗೆ ಹಾಕಲಿ, ಹುಂಜ ಸೇರಿಸಿಯೇ ಹಾಕಲಿ, ನಿಷೇಧ ಬೇಡ ಅಂತ ಬರೆಸಿ. ದೂರು ಬಂದರೆ ಗೂಡಿನ ಜಾಗ ಬದಲಾಯಿಸಲು ಮೊದಲು ಅವಕಾಶ ಕೊಡಬೇಕು ಅಂತಲೂ ಇರಲಿ. ಮನೆಯಲ್ಲಿ ಕೋಳಿ ನೋಡಿಕೊಳ್ಳುವವರು ಯಾರೋ ಅವರ ಸಹಿಯೇ ಮೊದಲು ಬೀಳಲಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ಯೋಜನಾ ಪ್ರಾಧಿಕಾರಕ್ಕೆ. ಮೂರಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ನಮೂನೆ ಬರೆದು ತಂದಿದ್ದೇನೆ, ಊಟವಾದ ಮೇಲೆ ವೇದಿಕೆ ಹತ್ತಿರ ತೆಗೆದುಕೊಳ್ಳಿ.