ಕೈ ಎತ್ತುವ ಮುನ್ನ
(ಜುಮಾ ಖುತ್ಬಾದ ಸಾರಾಂಶ)

ಪ್ರಿಯ ಸಹೋದರರೇ, ಅಲ್ಲಾಹನನ್ನು ಭಯಪಡಿರಿ ಎಂದು ಮೊದಲು ನನಗೂ ನಂತರ ನಿಮಗೂ ಉಪದೇಶಿಸುತ್ತೇನೆ.

ಕಚೇರಿಯಲ್ಲಿ ‘ನಾಳೆ ಬಾ’ ಎನ್ನುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ರೋಗಿಯನ್ನು ಕೂಡಲೇ ನೋಡುವುದಿಲ್ಲ. ಹೆಲ್ಮೆಟ್ ಇಲ್ಲವೆಂದು ತಡೆದ ಪೊಲೀಸರು ಏಕವಚನದಲ್ಲಿ ಮಾತಾಡುತ್ತಾರೆ. ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನಲ್ಲಿ ಕಾಲರಿಗೆ ಹೋದ ಕೈ ಮನೆಗೆ ಏನನ್ನು ತರುತ್ತದೆ ಎಂಬುದು ನಮ್ಮ ಯುವಕರಿಗೆ ತಿಳಿದಿರಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮಿನಂತೆ, ಕರ್ತವ್ಯದಲ್ಲಿರುವ ಸರಕಾರಿ ನೌಕರನ ಮೇಲೆ ಹಲ್ಲೆ ಮಾಡಿದರೆ 2 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಏಟು ಬೀಳಲೇಬೇಕೆಂದಿಲ್ಲ, ಹೊಡೆಯಲು ಕೈ ಎತ್ತಿದರೂ ಅದು ಹಲ್ಲೆಯೇ. ಕರ್ತವ್ಯಕ್ಕೆ ಅಡ್ಡಿಪಡಿಸಲು ಗಾಯಗೊಳಿಸಿದರೆ 121ನೇ ಕಲಮಿನಡಿ 5 ವರ್ಷದವರೆಗೆ, ತೀವ್ರ ಗಾಯವಾದರೆ 1 ವರ್ಷಕ್ಕೆ ಕಡಿಮೆಯಿಲ್ಲದಂತೆ 10 ವರ್ಷದವರೆಗೆ ಶಿಕ್ಷೆ. ಸರಕಾರಿ ಬಸ್ಸಿನ ಕಂಡಕ್ಟರ್ ಕೂಡ ಇದರ ವ್ಯಾಪ್ತಿಯಲ್ಲಿದ್ದಾರೆ. ವೈದ್ಯರು, ನರ್ಸ್‌ಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಅದು ಖಾಸಗಿ ಆಸ್ಪತ್ರೆಗೂ ಅನ್ವಯ.

ಇವು ಜಾಮೀನುರಹಿತ ಅಪರಾಧಗಳು. ಜಮಾಅತಿನ ಹಿರಿಯರು ಠಾಣೆಗೆ ಹೋಗಿ ಮಾತಾಡಿದರೆ ಬಿಡುಗಡೆಯಾಗದು, ನ್ಯಾಯಾಲಯಕ್ಕೆ ಅಲೆಯಬೇಕು. ಐದು ಅಥವಾ ಹೆಚ್ಚು ಮಂದಿ ಒಂದೇ ಉದ್ದೇಶದಿಂದ ಸೇರಿದ್ದರೆ ಒಬ್ಬ ಹೊಡೆದರೂ ಎಲ್ಲರೂ ಹೊಣೆ. ‘ನಾನು ಸುಮ್ಮನೆ ನಿಂತಿದ್ದೆ’ ಎನ್ನುವವನ ಮುಖವೂ ಮೊಬೈಲ್ ವೀಡಿಯೊದಲ್ಲಿರುತ್ತದೆ. ನಿರಪರಾಧಿಯೆಂದು ತೀರ್ಪು ಬರುವಾಗ ವರ್ಷಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಗಲ್ಫಿನ ವೀಸಾ ಬಂದರೆ? ಕ್ರಿಮಿನಲ್ ಮೊಕದ್ದಮೆ ನ್ಯಾಯಾಲಯದಲ್ಲಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ನ್ಯಾಯಾಲಯದ ಅನುಮತಿ ತರಬೇಕಾಗುತ್ತದೆ. ಒಂದು ಏಟಿನ ಬೆಲೆಯನ್ನು ತಾಯಿ, ತಂಗಿಯರೂ ತೆರುತ್ತಾರೆ.

‘ತಪ್ಪು ಅಧಿಕಾರಿಯದ್ದೇ’ ಎನ್ನಬಹುದು. ಆದರೆ ಅಧಿಕಾರಿ ಸದುದ್ದೇಶದಿಂದ ಹುದ್ದೆಯ ನೆಲೆಯಲ್ಲಿ ಮಾಡಿದ ಕೆಲಸ ಕಾನೂನಿಗೆ ಪೂರ್ತಿ ಸರಿಹೊಂದದಿದ್ದರೂ, ಜೀವಭಯ ಅಥವಾ ತೀವ್ರ ಗಾಯದ ಭಯ ಇಲ್ಲದಿದ್ದರೆ ಆತ್ಮರಕ್ಷಣೆಯ ಹಕ್ಕು ಸಿಗದು.

ಹಾಗಾದರೆ ಅನ್ಯಾಯವನ್ನು ಸಹಿಸಿ ಸುಮ್ಮನಿರಬೇಕೇ? ಖಂಡಿತ ಇಲ್ಲ. ಅನ್ಯಾಯದ ವಿರುದ್ಧ ಮಾತಾಡುವುದು ದೀನಿನ ಭಾಗ. ಹೆಸರು, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಮೇಲಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಲಂಚ ಕೇಳಿದರೆ ಲೋಕಾಯುಕ್ತವಿದೆ. ಕೆಲಸ ವಿಳಂಬವಾದರೆ ಸಕಾಲ ಕಾಯ್ದೆಯಡಿ ಮೇಲ್ಮನವಿ ಇದೆ. ಪೊಲೀಸರಿಂದ ದೌರ್ಜನ್ಯವಾದರೆ ಎಸ್ಪಿಯವರಿಗೂ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಕೈ ಎತ್ತಿದ ಕ್ಷಣದಲ್ಲೇ ನೀವು ದೂರುದಾರನಲ್ಲ, ಆರೋಪಿ. ನಿಮ್ಮ ನ್ಯಾಯವಾದ ದೂರನ್ನು ಆಮೇಲೆ ಯಾರೂ ಕೇಳುವುದಿಲ್ಲ.

ಸಹೋದರರೇ, ನ್ಯಾಯಾಲಯದಿಂದ ಪಾರಾದರೂ ಇನ್ನೊಂದು ವಿಚಾರಣೆ ಉಳಿದಿದೆ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಪರಲೋಕಕ್ಕೆ ಬಂದವನೂ, ಇಲ್ಲಿ ಬೈದು ಹೊಡೆದವರಿಗೆ ತನ್ನ ಪುಣ್ಯಗಳನ್ನೆಲ್ಲ ಹಂಚಿ ದಿವಾಳಿಯಾಗುವನೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹೊಡೆಸಿಕೊಂಡವನ ಧರ್ಮ ಯಾವುದು, ಹುದ್ದೆ ಯಾವುದು ಎಂಬುದು ಅಲ್ಲಿ ವಿನಾಯಿತಿಯಾಗದು. ಅವನೂ ಸಂಜೆ ಮಕ್ಕಳ ಬಳಿಗೆ ಮರಳಬೇಕಾದ ಮನುಷ್ಯ.

ಸಿಟ್ಟನ್ನು ನುಂಗುವ ಬಲವನ್ನೂ, ನ್ಯಾಯವನ್ನು ಸರಿಯಾದ ದಾರಿಯಲ್ಲಿ ಕೇಳುವ ಧೈರ್ಯವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.