ಕೃತಕ ಮಾನವನ ಕಥೆಗಳು

ಮನುಷ್ಯನು ತನ್ನಂಥದೇ ಒಂದು ಜೀವವನ್ನು ತನ್ನ ಕೈಯಿಂದ ನಿರ್ಮಿಸಬಲ್ಲನೆ? ಬಲ್ಲನೆಂದಾದರೆ ಆಮೇಲೆ ಆಗತಕ್ಕದ್ದೇನು? ಈ ಪ್ರಶ್ನೆಗಳನ್ನು ವಿಜ್ಞಾನಿಗಳಿಗಿಂತ ಮುಂಚೆ ಕಥೆಗಾರರು ಕೇಳಿದರು. ವಿಜ್ಞಾನದ ಆಧಾರದ ಮೇಲೆ ಕಟ್ಟಿದ ಇಂಥ ಕಲ್ಪನಾಕಥೆಗಳು ಯೂರೋಪಿನ ಸಾಹಿತ್ಯದಲ್ಲಿ ಹೇರಳವಾಗಿವೆ. ಇವೆಲ್ಲವೂ ಭಸ್ಮಾಸುರನ ಕಥೆಯೇ, ವರ ಕೊಟ್ಟವನ ತಲೆಗೇ ಕೈ ಬಂತು ಎಂದು ಹೇಳಿ ಮುಗಿಸುವವರುಂಟು. ಆ ಮಾತು ಸುಳ್ಳಲ್ಲ, ಆದರೆ ಸಾಲದು. ಇಂಥ ಕಥೆಗಳಲ್ಲಿ ಉತ್ತಮವಾದ ಮೂರನ್ನು ನಿಧಾನವಾಗಿ ಪರಿಶೀಲಿಸಿದರೆ, ಅನರ್ಥದ ಬೇರು ಯಂತ್ರದ ಬಲದಲ್ಲಿರದೆ ಮನುಷ್ಯನು ಕೆಳಗಿಳಿಸಿದ ತನ್ನ ಹೊಣೆಯಲ್ಲಿದೆ ಎಂಬುದು ಗೋಚರವಾಗುತ್ತದೆ.

ಮೊದಲನೆಯದು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. 1816ರ ಬೇಸಗೆಯಲ್ಲಿ, ಜಿನೀವಾ ಸರೋವರದ ದಡದಲ್ಲಿ, ಹದಿನೆಂಟು ವರ್ಷದ ಆ ತರುಣಿ ಇದನ್ನು ಬರೆಯಲಾರಂಭಿಸಿದಳು. 1818ರಲ್ಲಿ ಲಂಡನ್ನಿನಲ್ಲಿ, ಕರ್ತೃವಿನ ಹೆಸರಿಲ್ಲದೆ, ಅದು ಅಚ್ಚಾಯಿತು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶದಿಂದ ಅದುರುವುದನ್ನು ಇಟಲಿಯ ಗ್ಯಾಲ್ವಾನಿ 1791ರಲ್ಲಿಯೇ ಪ್ರಕಟಪಡಿಸಿದ್ದನು. ಜೀವಕ್ಕೂ ವಿದ್ಯುತ್ತಿಗೂ ಏನೋ ಸಂಬಂಧವಿರಬೇಕೆಂಬ ಊಹೆ ಪಂಡಿತರಲ್ಲಿ ಹರಡಿತ್ತು. ಕಥಾನಾಯಕನಾದ ವಿಕ್ಟರ್ ಫ್ರಾಂಕೆನ್‌ಸ್ಟೈನನು ಮಸಣದ ಎಲುಬುಗಳನ್ನು ಕೂಡಿಸಿ, ಸುಮಾರು ಎರಡು ವರ್ಷ ದುಡಿದು, ಒಂದು ದೇಹವನ್ನು ಮಾಡಿ ಜೀವ ತುಂಬುತ್ತಾನೆ. ಅದು ಕಣ್ಣು ತೆರೆದೊಡನೆಯೇ ಅದರ ವಿಕಾರಕ್ಕೆ ಹೇಸಿ ಓಡಿಹೋಗುತ್ತಾನೆ. ಹೆಸರನ್ನು ಕೂಡ ಇಡುವುದಿಲ್ಲ. ಜನರು ಆ ಪ್ರಾಣಿಯನ್ನೇ ಫ್ರಾಂಕೆನ್‌ಸ್ಟೈನ್ ಎಂದು ಕರೆಯುವುದು ತಪ್ಪಾದರೂ, ತಂದೆಯು ಕೊಡದೆ ಹೋದ ಹೆಸರನ್ನು ಲೋಕವು ಕೊಟ್ಟಂತಾಗಿದೆ.

ಆ ಪ್ರಾಣಿ ಹುಟ್ಟುತ್ತಲೇ ಕ್ರೂರವಾದುದಲ್ಲ. ಒಂದು ಬಡ ಸಂಸಾರದ ಗುಡಿಸಲಿನ ಮಗ್ಗುಲಲ್ಲಿ ಅಡಗಿದ್ದು, ಅವರ ಮಾತನ್ನು ಕೇಳಿ ಕೇಳಿ ಭಾಷೆ ಕಲಿಯುತ್ತದೆ. ಅವರಿಗೆ ತಿಳಿಯದಂತೆ ರಾತ್ರಿ ಸೌದೆ ತಂದಿಡುತ್ತದೆ. ಅವರೂ ಹೊಡೆದಟ್ಟಿದ ಮೇಲೆ ಅದು ಕೊಲೆಗೆ ಇಳಿಯುತ್ತದೆ. ನಮ್ಮ ಪುರಾಣದಲ್ಲಿ ಪಾರ್ವತಿಯೂ ತನ್ನ ಮೈಯ ಮಣ್ಣಿನಿಂದ ಒಂದು ಗೊಂಬೆಯನ್ನು ಮಾಡಿ ಜೀವ ಕೊಟ್ಟಳು. ಕೊಟ್ಟ ಕೂಡಲೆ ಮಗನೆಂದಳು, ಬಾಗಿಲು ಕಾಯುವ ಕೆಲಸವನ್ನು ಒಪ್ಪಿಸಿದಳು. ಅವನ ತಲೆ ಹೋದಾಗ ಮರಳಿ ಬದುಕಿಸುವ ತನಕ ಬಿಡಲಿಲ್ಲ. ಆನೆಯ ಮೊಗ ಬಂದ ಮೇಲೂ ಅವನು ಮಗನೇ. ಫ್ರಾಂಕೆನ್‌ಸ್ಟೈನನಿಗೆ ಆ ತಾಯಿಯ ವಿದ್ಯೆಯು ದಕ್ಕಿತ್ತು, ಮನಸ್ಸು ದಕ್ಕಿರಲಿಲ್ಲ.

ಎರಡನೆಯದು ಚೆಕ್ ನಾಟಕಕಾರನಾದ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿದ ‘ಆರ್. ಯು. ಆರ್.’ ಎಂಬ ನಾಟಕ. 1921ರ ಜನವರಿಯಲ್ಲಿ ಅದನ್ನು ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಿದರು. ಇಂದು ಲೋಕವೆಲ್ಲ ಬಳಸುವ ‘ರೋಬಾಟ್’ ಎಂಬ ಶಬ್ದ ಬಂದುದು ಈ ನಾಟಕದಿಂದ. ಅದನ್ನು ಸೂಚಿಸಿದವನು ಚಾಪೆಕನ ಅಣ್ಣ, ಚಿತ್ರಕಾರ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊತ’ ಎಂದರೆ ಒಕ್ಕಲು ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಬೇಕಾಗಿದ್ದ ಕಡ್ಡಾಯದ ದುಡಿಮೆ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ನಮ್ಮ ‘ಬಿಟ್ಟಿ’ ಎಂಬ ಮಾತು ಇದಕ್ಕೆ ಸರಿದೊರೆಯಾದುದು. ಆದಕಾರಣ ರೋಬಾಟನ್ನು ಯಂತ್ರಮಾನವನೆನ್ನುವುದಕ್ಕಿಂತ ಬಿಟ್ಟಿಯಾಳೆಂದರೆ ಕರ್ತೃವಿನ ಅಭಿಪ್ರಾಯಕ್ಕೆ ಹತ್ತಿರ. ಚಾಪೆಕನ ಆಳುಗಳು ಕಬ್ಬಿಣದವೂ ಅಲ್ಲ. ರಾಸಾಯನಿಕ ದ್ರವ್ಯದಿಂದ ಮಾಡಿದ ಶರೀರಗಳು, ನೋಟಕ್ಕೆ ಮನುಷ್ಯರೇ.

ಈ ಆಳುಗಳನ್ನು ತಯಾರಿಸುವ ಕಾರ್ಖಾನೆಯ ಅಧಿಕಾರಿ ಡೊಮಿನನ ಉದ್ದೇಶ ದೊಡ್ಡದು. ಮನುಷ್ಯನಿಗೆ ದುಡಿಮೆಯ ಶಾಪ ತಪ್ಪಬೇಕು, ಬಡತನ ತೊಲಗಬೇಕು ಎಂಬುದು ಅವನ ಕನಸು. ನಡೆದದ್ದೇನು? ಮನುಷ್ಯರಿಗೆ ಮಾಡಲು ಕೆಲಸವಿಲ್ಲದಾಯಿತು. ಮಕ್ಕಳು ಹುಟ್ಟುವುದು ನಿಂತಿತು. ಸರಕಾರಗಳು ಆಳುಗಳ ಕೈಗೆ ಆಯುಧ ಕೊಟ್ಟು ಯುದ್ಧಕ್ಕೆ ಕಳುಹಿದುವು. ಕೊನೆಗೆ ಆಳುಗಳು ದಂಗೆಯೆದ್ದು ಒಬ್ಬನ ವಿನಾ ಮನುಷ್ಯರೆಲ್ಲರನ್ನೂ ಕೊಂದುವು. ಉಳಿದವನು ಆಲ್‌ಕ್ವಿಸ್ಟ್ ಎಂಬ ಕಟ್ಟಡದ ಕೆಲಸದವನು. ಸುಖದ ದಿನಗಳಲ್ಲಿಯೂ ಅವನು ಕರಣೆ ಹಿಡಿದು ತಾನೇ ಇಟ್ಟಿಗೆ ಕಟ್ಟುತ್ತಿದ್ದನು. ಇವನು ನಮ್ಮಂತೆ ಕೈಯಿಂದ ದುಡಿಯುವವನೆಂದು ಗುರುತಿಸಿ ಆಳುಗಳು ಅವನನ್ನು ಬಿಟ್ಟುವು. ಶರಣರು ಕಾಯಕಕ್ಕೆ ಕೊಟ್ಟ ಬೆಲೆಯನ್ನು ಬಲ್ಲ ನಾಡಿನವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಟಕದ ಮುಕ್ತಾಯ ಇನ್ನೂ ಸೊಗಸಾದುದು. ಗಂಡು ಹೆಣ್ಣು ಇಬ್ಬರು ಆಳುಗಳಲ್ಲಿ ಒಬ್ಬರನ್ನು ಸೀಳಿ ನೋಡಬೇಕೆಂದು ಆಲ್‌ಕ್ವಿಸ್ಟನು ಹೇಳಿದಾಗ, ಮತ್ತೊಬ್ಬರನ್ನು ಉಳಿಸಿ ತಾನು ಸಾಯುವೆನೆಂದು ಇಬ್ಬರೂ ಮುಂದೆ ಬರುತ್ತಾರೆ. ಮುದುಕನು ಅವರನ್ನು ಹೊಸ ಲೋಕದ ಆದಿದಂಪತಿಗಳೆಂದು ಹರಸಿ ಕಳುಹುತ್ತಾನೆ. ಹೊಣೆ ಹೊರಲು ಮುಂದಾದವನೇ ಮನುಷ್ಯ, ಅವನು ಎಲ್ಲಿ ಹುಟ್ಟಿದರೇನು!

ಮೂರನೆಯದು ಇ. ಎಂ. ಫಾರ್‌ಸ್ಟರನು 1909ರಲ್ಲಿ ಪ್ರಕಟಿಸಿದ, ‘ಯಂತ್ರ ನಿಲ್ಲುತ್ತದೆ’ ಎಂಬರ್ಥದ ಹೆಸರುಳ್ಳ ಕಥೆ. ಇಲ್ಲಿ ಕೃತಕ ಮಾನವನಿಲ್ಲ, ಮಾನವನೇ ಕೃತಕನಾಗಿದ್ದಾನೆ. ಜನರು ಭೂಮಿಯೊಳಗೆ, ಜೇನುಗೂಡಿನ ಕಣ್ಣಿನಂಥ ಕೋಣೆಗಳಲ್ಲಿ ಒಬ್ಬೊಬ್ಬರೇ ವಾಸಿಸುತ್ತಾರೆ. ಗುಂಡಿಯೊತ್ತಿದರೆ ಊಟ, ಹಾಸಿಗೆ, ಸಂಗೀತ. ಒಂದು ದುಂಡು ತಟ್ಟೆಯಲ್ಲಿ ದೂರದವರ ಮುಖ. ವಾಷ್ಟಿ ಎಂಬಾಕೆ ಕುಳಿತಲ್ಲಿಂದಲೇ ಕಾಣದ ಶ್ರೋತೃಗಳಿಗೆ ಹತ್ತು ನಿಮಿಷದ ಉಪನ್ಯಾಸ ಕೊಡುತ್ತಾಳೆ. ಈ ಕೋಣೆಯಲ್ಲಿ ಒಂಟಿಯಾಗಿ ಕುಳಿತು ತಮ್ಮೊಡನೆ ಮಾತನಾಡುತ್ತಿರುವ ನನಗೆ ಆ ಭಾಗವನ್ನು ನಗದೆ ಓದಲಾಗಲಿಲ್ಲ. ಯಂತ್ರದ ಮೂಲಕವಲ್ಲದೆ ಎದುರಿಗೆ ಬಂದು ನನ್ನನ್ನು ನೋಡು ಎಂದು ಅವಳ ಮಗ ಕೂನೊ ಬೇಡುತ್ತಾನೆ. ತಾಯಿಗೆ ಪ್ರಯಾಣವೆಂದರೆ ಭಯ, ಮುಟ್ಟುವುದೆಂದರೆ ಹೇಸಿಕೆ. ಯಂತ್ರವು ಕೆಡಲಾರಂಭಿಸಿದಾಗ ಅದನ್ನು ಇಡಿಯಾಗಿ ಬಲ್ಲವನು ಒಬ್ಬನೂ ಉಳಿದಿಲ್ಲ. ಈ ಯಂತ್ರವು ಯಾರ ಮೇಲೂ ದಂಗೆಯೇಳುವುದಿಲ್ಲ, ಸುಮ್ಮನೆ ನಿಂತುಹೋಗುತ್ತದೆ. ಕೋಣೆಗಳಲ್ಲಿದ್ದವರು ಅಷ್ಟರಿಂದಲೇ ನಾಶವಾಗುತ್ತಾರೆ.

ಸಾಕಿ ಸಲಹುವುದು, ದುಡಿಯುವುದು, ಕಣ್ಣಾರೆ ಕಂಡು ತಿಳಿಯುವುದು: ಮೂರು ಕಥೆಗಳಲ್ಲಿ ಮನುಷ್ಯರು ಕೈಬಿಟ್ಟ ಮೂರು ಹೊಣೆಗಳಿವು. ಇದರಿಂದ ಯಂತ್ರವೇ ಕೂಡದೆಂದು ಅರ್ಥ ಮಾಡಬಾರದು. ನಲ್ಲಿ ಬಂದುದರಿಂದ ಬಾವಿಯ ನೀರು ಸೇದುವ ಹೆಂಗಸಿನ ಬೆನ್ನುನೋವು ಕಡಮೆಯಾಯಿತು. ಅದು ಬೇಡವೆನ್ನುವವನು ಎಂದೂ ನೀರು ಸೇದದವನೇ ಆಗಿರಬೇಕು. ಹೊರೆ ಬೇರೆ, ಹೊಣೆ ಬೇರೆ. ಹೊರೆಯನ್ನು ಯಂತ್ರದ ಮೇಲೆ ಹೊರಿಸಬಹುದು, ಹೊಣೆಯನ್ನು ಹೊರಿಸಲಾಗದು.

ಈ ವಿವೇಚನೆ ಈಗ ಕಥೆಯ ಮಾತಾಗಿ ಉಳಿದಿಲ್ಲ. 2022ರಿಂದೀಚೆಗೆ, ಕೇಳಿದ ಪ್ರಶ್ನೆಗೆ ಮನುಷ್ಯಭಾಷೆಯಲ್ಲಿ ಉತ್ತರ ಬರೆದುಕೊಡುವ ಗಣಕಯಂತ್ರಗಳು ಜನಸಾಮಾನ್ಯರ ಕೈಗೆ ಬಂದಿವೆ. ವಿದ್ಯಾರ್ಥಿಯ ಪ್ರಬಂಧವನ್ನು ಯಂತ್ರವೇ ಬರೆದು, ಅಧ್ಯಾಪಕನ ಬದಲು ಯಂತ್ರವೇ ತಿದ್ದುವುದು ಇಂದು ಅಸಾಧ್ಯವಲ್ಲ. ಆಗ ಅಂಕಗಳು ಸರಿಯಾಗಿಯೇ ಬಿದ್ದಾವು. ಆದರೆ ಇಬ್ಬರಲ್ಲಿ ಯಾರೂ ಏನನ್ನೂ ಓದಿರುವುದಿಲ್ಲ. ಹಾಸಿಗೆ ಹಿಡಿದ ತಂದೆಯ ನಾಡಿಯನ್ನು ಯಂತ್ರವು ಮಗನಿಗಿಂತ ಚೆನ್ನಾಗಿ ಎಣಿಸೀತು, ಮದ್ದಿನ ವೇಳೆಯನ್ನು ತಪ್ಪದೆ ನೆನಪಿಸೀತು. ಅದನ್ನು ಸಂತೋಷದಿಂದ ಬಳಸೋಣ. ಆದರೆ ಹಾಗೆ ಉಳಿದ ಹೊತ್ತಿನಲ್ಲಿ ಮಗನು ತಂದೆಯ ಮಗ್ಗುಲಲ್ಲಿ ಕುಳಿತಿರುವನೋ, ಎದ್ದು ಹೊರಗೆ ಹೋಗಿರುವನೋ ಎಂಬುದನ್ನು ಯಂತ್ರವು ನಿರ್ಣಯಿಸುವುದಿಲ್ಲ; ಅದನ್ನು ಮಗನೇ ನಿರ್ಣಯಿಸಬೇಕು.