ರಸ್ತೆ ಯಾರ ಸ್ವತ್ತು?

(ಹೊಸ ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಬಡಾವಣೆಗಳ ಬೀದಿಯಲ್ಲಿ ಕಾರು ನಿಲ್ಲಿಸುವುದಕ್ಕೆ ನಿರ್ಬಂಧ ಬೇಕೆಂದರೆ ಕೆಲವರಿಗೆ ಸಿಟ್ಟು. ನಾವು ಕೇಳುವುದಿಷ್ಟೆ: ರಸ್ತೆ ಯಾರ ಸ್ವತ್ತು?

ಒಂದು ಕಾರು ನಿಲ್ಲಲು ಸುಮಾರು 8 ಅಡಿ ಅಗಲ, 16 ಅಡಿ ಉದ್ದದ ನೆಲ ಬೇಕು. 30 ಅಡಿ ರಸ್ತೆಯ ಎರಡೂ ಬದಿ ಕಾರು ನಿಂತರೆ ಉಳಿಯುವುದು 14 ಅಡಿ. ಅದರಲ್ಲೇ ಚರಂಡಿ, ಫುಟ್‌ಪಾತು. ಬೆಂಕಿ ಬಿದ್ದ ದಿನ ಅಗ್ನಿಶಾಮಕದ ಗಾಡಿ ಎಲ್ಲಿಂದ ಬರಬೇಕು?

ನಕ್ಷೆಯಲ್ಲಿ ಗಾಡಿಗೆ ಜಾಗ ತೋರಿಸಿ, ಮನೆ ಎದ್ದ ಮೇಲೆ ಅದನ್ನೇ ಅಂಗಡಿ ಮಾಡಿ ಬಾಡಿಗೆ ಎಣಿಸುವವರಿದ್ದಾರೆ. ಅವರ ಕಾರು ಬೀದಿಗೆ ಬರುತ್ತದೆ. ತಳ್ಳುಗಾಡಿಯವನು ಗಳಿಗೆ ನಿಂತರೆ ಅಡಚಣೆ. ಕಾರು ರಾತ್ರಿಯಿಡೀ ನಿಂತರೆ ಹಕ್ಕು!

2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ ಪಾರ್ಕಿಂಗ್ ನೀತಿ, ಮನೆ ಮುಂದಿನ ಬೀದಿಯಲ್ಲಿ ನಿಲ್ಲಿಸಲು ಸಣ್ಣ ಕಾರಿಗೆ ವರ್ಷಕ್ಕೆ 1,000, ದೊಡ್ಡದಕ್ಕೆ 5,000 ರೂಪಾಯಿ ಶುಲ್ಕ ಸೂಚಿಸಿತು. ದೊಡ್ಡ ಕಾರಿಗೂ ದಿನಕ್ಕೆ 14 ರೂಪಾಯಿಗಿಂತ ಕಡಿಮೆ! ಆ ದರಕ್ಕೆ ಬಡವನಿಗೆ ಮಲಗಲು ಅಷ್ಟು ನೆಲ ಯಾರು ಕೊಡುತ್ತಾರೆ? ಜಪಾನ್ 1962ರಲ್ಲೇ ಕಾನೂನು ಮಾಡಿತು. ಅಲ್ಲಿ ಕಾರು ಕೊಳ್ಳುವವನು, ರಸ್ತೆಯ ಹೊರಗೆ ಅದಕ್ಕೆ ಸ್ಥಳವಿದೆಯೆಂದು ಮೊದಲು ತೋರಿಸಬೇಕು.

ಬೆಂಗಳೂರಿನ ಗತಿ ನಮ್ಮ ಜಿಲ್ಲೆಯ ಊರುಗಳಿಗೂ ಬರುತ್ತಿದೆ. ನಿರ್ಬಂಧ ಬರಲಿ. ಆದರೆ ಅದರ ಮೊದಲ ಏಟು ಬಾಡಿಗೆ ಮನೆಯ ಆಟೋ ಚಾಲಕನಿಗೆ ಬೀಳಬಾರದು; ಆಟೋ ಅವನ ಅನ್ನ. ಮೊದಲು ನಕ್ಷೆ ಮೀರಿದ ಮನೆಗಳ ತನಿಖೆಯಾಗಲಿ. ಶುಲ್ಕದ ಹಣ ಫುಟ್‌ಪಾತಿಗೆ, ಬಸ್ಸಿಗೆ ಸಲ್ಲಲಿ. ನಡೆದು ಹೋಗುವವನಿಗೂ ರಸ್ತೆಯಲ್ಲಿ ಪಾಲಿದೆ. ಆ ಪಾಲನ್ನು ನಾವು ಕೇಳಿಯೇ ಪಡೆಯಬೇಕು.